ಸಕ್ಕರೆ ಕಾಯಿಲೆ ಮೂತ್ರಚೀಲಕ್ಕೆ ಬಂದಾಗ

ಪ್ರಥಮ ಪಿಯುಸಿ ಜೀವಶಾಸ್ತ್ರದ ವಿಸರ್ಜನೆಯ ಅಧ್ಯಾಯ ನಿಮಗೆಲ್ಲ ನೆನಪಿರಬಹುದು. ನೆಫ್ರಾನ್ ಚಿತ್ರ ಬಿಡಿಸಿ ಭಾಗ ಗುರುತಿಸುವುದಕ್ಕೆ ನಾವು ಗಂಟೆಗಟ್ಟಲೆ ಕೂರುತ್ತೇವೆ. ಅದೇ ಅಧ್ಯಾಯದ ಕೊನೆಯ ಕಡೆಗೆ ಮೂತ್ರ ವಿಸರ್ಜನೆ ಎಂಬ ಚಿಕ್ಕ ಪ್ಯಾರಾ ಇದೆ. ಮೂತ್ರಚೀಲ ತುಂಬಿ ಹಿಗ್ಗಿದಾಗ ಅದರ ಗೋಡೆಯಿಂದ ಸಂದೇಶ ಹೋಗುತ್ತದೆ, ಮೆದುಳಿನಿಂದ ಆದೇಶ ಬರುತ್ತದೆ, ಸ್ನಾಯು ಹಿಂಡುತ್ತದೆ, ಬಾಯಿ ಸಡಿಲವಾಗುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಹೋಗಬೇಕಾದ ಆ ಸಂದೇಶವೇ ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ನಾನಿಯಿಂದ.

ನಾನಿಗೆ ಸಕ್ಕರೆ ಕಾಯಿಲೆ ಬಂದು 19 ವರ್ಷವಾಯಿತು. ಎರಡು ವರ್ಷದ ಹಿಂದೆ ಅವರು ಒಂದೊಂದಾಗಿ ಎಲ್ಲ ಕಡೆ ಹೋಗುವುದನ್ನು ನಿಲ್ಲಿಸಿದರು. ಮೊದಲು ಮದುವೆ ಮನೆ, ಆಮೇಲೆ ಪಕ್ಕದ ಬೀದಿಯ ಖುರ್‌ಆನ್ ಓದುವ ಕೂಟ, ಆಮೇಲೆ ಶಿವಮೊಗ್ಗದ ಖಾಲಾ ಮನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾದಾಗ ಓಣಿಯ ಅಜ್ಜಿಯರೆಲ್ಲ ಆಧಾರ್ ಕಾರ್ಡ್ ಹಿಡಿದು ಊರೂರು ಸುತ್ತಿದರು. ನಾನಿ ಮಾತ್ರ ಮಂಡಿನೋವು ಎನ್ನುತ್ತಿದ್ದರು. ನಿಜವಾದ ಕಾರಣವನ್ನು ನನಗೊಬ್ಬಳಿಗೇ ಹೇಳಿದರು, ಅದೂ ನಾನು ಅವರ ಸಲ್ವಾರ್‌ಗಳನ್ನು ಒಣಗಲು ಹಾಕುತ್ತಿದ್ದಾಗ. 'ಕಿಸೀಕೂ ನಕ್ಕೋ ಬೋಲ್' ಎಂದು ಮೂರು ಸಲ ಹೇಳಿದರು. ಈಗ ಅವರೇ 'ಬರಿ ಬೇಟಾ, ಹೆಸರು ಮಾತ್ರ ಹಾಕಬೇಡ' ಎಂದಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಹೀಗೆ ಮಂಡಿನೋವಿನ ನೆಪ ಹೇಳುವವರು ಇರಬಹುದು.

ಇರುವ ಸಾಧ್ಯತೆ ಕಡಿಮೆಯೇನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಕಣ್ಣು, ಕಿಡ್ನಿ, ಕಾಲಿನ ಗಾಯದ ಬಗ್ಗೆ ಎಲ್ಲ ಆಸ್ಪತ್ರೆಗಳ ಗೋಡೆಯ ಮೇಲೂ ಪೋಸ್ಟರ್ ಇರುತ್ತದೆ. ಮೂತ್ರಚೀಲದ ಪೋಸ್ಟರನ್ನು ನಾನು ಎಲ್ಲೂ ನೋಡಿಲ್ಲ.

ಮೊದಲು ಎರಡು ಬೇರೆ ಬೇರೆ ವಿಷಯಗಳನ್ನು ಬಿಡಿಸಿಕೊಳ್ಳೋಣ. ಸಕ್ಕರೆ ಕಾಯಿಲೆಯವರು ಪದೇ ಪದೇ ಬಾತ್‌ರೂಮಿಗೆ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅದು ಮೂತ್ರದ ಪ್ರಮಾಣದ ಮಾತು. ರಕ್ತದಲ್ಲಿ ಗ್ಲೂಕೋಸ್ ಸುಮಾರು 180 ಮಿಲಿಗ್ರಾಂ ದಾಟಿದರೆ ಕಿಡ್ನಿಗೆ ಅದನ್ನೆಲ್ಲ ಹಿಂದಕ್ಕೆ ಹೀರಿಕೊಳ್ಳಲು ಆಗುವುದಿಲ್ಲ. ಹೊರಗೆ ಹೋಗುವ ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನಾವು ಓದಿದ ಆಸ್ಮಾಸಿಸ್‌ನ ಲೆಕ್ಕವೇ ಇದು. ಸಂಸ್ಕೃತದ ಮಧುಮೇಹ ಎಂಬ ಹೆಸರಿನಲ್ಲೇ ಜೇನಿನಂಥ ಮೂತ್ರ ಎಂಬ ಅರ್ಥವಿದೆ. ಉರ್ದುವಿನ ಝಿಯಾಬೀತಸ್ ಗ್ರೀಕಿನಿಂದ ಅರಬಿಗೆ ಬಂದು, ಅಲ್ಲಿಂದ ಉರ್ದುವಿಗೆ ಬಂದ ಪದ. ಅದರ ಮೂಲದಲ್ಲಿ 'ಹರಿದು ಹೋಗುವುದು' ಎಂಬ ಅರ್ಥವಿದೆ. ಶುಗರ್ ಹತೋಟಿಗೆ ಬಂದರೆ ಈ ಹರಿಯುವಿಕೆ ತಗ್ಗುತ್ತದೆ.

ನಾನಿಯ ತೊಂದರೆ ಹಿಡಿತದ್ದು. ಮೂತ್ರ ಹೆಚ್ಚಾಗಿರಲಿ ಕಡಿಮೆಯಾಗಿರಲಿ, ಅದು ಯಾವಾಗ ಬರುತ್ತದೆ ಎಂಬುದು ಅವರ ಕೈಯಲ್ಲಿಲ್ಲ. ಇಲ್ಲಿ ಕೆಟ್ಟಿರುವುದು ನರ.

ವರ್ಷಗಟ್ಟಲೆ ಏರಿದ ಸಕ್ಕರೆ ನರಗಳನ್ನೂ ನರಗಳಿಗೆ ರಕ್ತ ಕೊಡುವ ಸಣ್ಣ ರಕ್ತನಾಳಗಳನ್ನೂ ಹಾಳು ಮಾಡುತ್ತದೆ. ಉದ್ದನೆಯ ನರಗಳು ಮೊದಲು ಕೆಡುತ್ತವೆ. ಹಾಗಾಗಿ ಪಾದ ಉರಿಯುವುದು, ಜೋಮು ಹಿಡಿಯುವುದು, ಚಪ್ಪಲಿ ಕಳಚಿದ್ದು ಗೊತ್ತಾಗದಿರುವುದು ಮೊದಲು ಕಾಣಿಸುತ್ತದೆ. ಅದೇ ಹಾನಿ ನಮ್ಮ ಇಚ್ಛೆಗೆ ಸಿಗದ ನರಗಳಿಗೂ ಆಗುತ್ತದೆ. ಮೂತ್ರಚೀಲದ ಗೋಡೆಯ ಸ್ನಾಯುವಿಗೆ 'ಹಿಂಡು' ಎನ್ನುವ ನರ ಬೆನ್ನುಹುರಿಯ ಕೆಳತುದಿಯಿಂದ, ಸೇಕ್ರಲ್ ಭಾಗದ 2ರಿಂದ 4ನೆಯ ನರಗಳಿಂದ ಬರುತ್ತದೆ. 'ಇನ್ನೂ ತಡೆ, ತುಂಬಿಕೊಳ್ಳಲಿ' ಎನ್ನುವ ನರ ಅದಕ್ಕಿಂತ ಮೇಲಿನಿಂದ ಬರುತ್ತದೆ. ನಾವು ಬೇಕೆಂದೇ ಬಿಗಿಹಿಡಿಯುವ ಹೊರಗಿನ ಸ್ನಾಯುವಿಗೆ ಇನ್ನೊಂದು ನರ. ಇವೆಲ್ಲದರ ಮೇಲ್ವಿಚಾರಣೆ ಮೆದುಳಿನದು. ಕ್ಲಾಸ್ ಮುಗಿಯುವವರೆಗೆ ನಾವು ತಡೆದುಕೊಂಡು ಕೂರುವುದು ಈ ಎಲ್ಲವೂ ಒಟ್ಟಿಗೆ ಕೆಲಸ ಮಾಡುವುದರಿಂದ.

ಆರೋಗ್ಯವಂತರಲ್ಲಿ 150ರಿಂದ 200 ಮಿಲಿ ತುಂಬಿದಾಗ ಮೊದಲ ಸೂಚನೆ ಸಿಗುತ್ತದೆ, 400-500 ಮಿಲಿಗೆ ಎದ್ದು ಓಡಬೇಕಾಗುತ್ತದೆ. ನರ ಕೆಟ್ಟವರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ತೊಂದರೆ ಕಾಣುತ್ತದೆ, ಮತ್ತು ಅವೆರಡೂ ಒಂದಕ್ಕೊಂದು ತದ್ವಿರುದ್ಧ. ಒಂದರಲ್ಲಿ ಮೂತ್ರಚೀಲ ಸಿಡುಕಿನ ಮನುಷ್ಯನಂತೆ ಸ್ವಲ್ಪ ತುಂಬಿದರೂ ಹಿಂಡಿಬಿಡುತ್ತದೆ. ಅವಸರ ಎಷ್ಟೆಂದರೆ ಬಾಗಿಲ ಚಿಲಕ ತೆಗೆಯುವಷ್ಟರಲ್ಲಿ ಬಟ್ಟೆ ಒದ್ದೆ. ಇನ್ನೊಂದರಲ್ಲಿ ಮೂತ್ರಚೀಲ ಮಂದವಾಗಿಬಿಡುತ್ತದೆ. ತುಂಬಿದ್ದು ಗೊತ್ತಾಗುವುದಿಲ್ಲ, ಹೋದರೂ ಪೂರ್ತಿ ಖಾಲಿಯಾಗುವುದಿಲ್ಲ. ಕೆಲವರಲ್ಲಿ ಒಂದು ಲೀಟರಿನವರೆಗೂ ತುಂಬಿಕೊಳ್ಳುತ್ತದೆ. ತುಂಬಿದ ಬಿಂದಿಗೆಗೆ ಮೇಲಿನಿಂದ ನೀರು ಬೀಳುತ್ತಲೇ ಇದ್ದರೆ ಅಂಚಿನಿಂದ ಸುರಿಯುವಂತೆ ಹನಿ ಹನಿಯಾಗಿ ಸೋರುತ್ತದೆ.

ನನಗೆ ಎಲ್ಲಕ್ಕಿಂತ ಆಶ್ಚರ್ಯವಾದದ್ದು ಇದೇ. ಸೋರುತ್ತಿದೆ ಎಂದರೆ ಚೀಲದಲ್ಲಿ ಏನೂ ನಿಲ್ಲುತ್ತಿಲ್ಲ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ನಿಜ ಸಂಗತಿ ತಿರುಗುಮುರುಗಾಗಿರಬಹುದು: ಚೀಲ ಖಾಲಿಯೇ ಆಗದಿರುವುದರಿಂದ ಸೋರುತ್ತಿರಬಹುದು. ಹೊರಗಿನಿಂದ ನೋಡಿದರೆ ಎರಡರಲ್ಲೂ ಕಾಣುವುದು ಒದ್ದೆ ಬಟ್ಟೆ ಮಾತ್ರ. ಮದ್ದು ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ಮೂತ್ರಚೀಲವನ್ನು ಶಾಂತಗೊಳಿಸುವ ಮಾತ್ರೆಗಳಿವೆ. ಅವುಗಳಲ್ಲಿ ಕೆಲವನ್ನು ಎರಡನೆಯ ಬಗೆಯವರಿಗೆ ಕೊಟ್ಟರೆ ಮೊದಲೇ ಸೋಮಾರಿಯಾದ ಚೀಲ ಇನ್ನೂ ಮಲಗಿಬಿಡುತ್ತದೆ. ನಾನಿಗೆ ಮೊದಲು ತೋರಿಸಿದ ಕಡೆ ಯಾವ ಪರೀಕ್ಷೆಯೂ ಇಲ್ಲದೆ ಅಂಥ ಮಾತ್ರೆ ಬರೆದುಕೊಟ್ಟಿದ್ದರು. ಬಾಯಿ ಒಣಗಿತು, ಮಲಬದ್ಧತೆ ಬಂತು, ಸೋರುವುದು ಹೆಚ್ಚಾಯಿತು.

ಎರಡನೆಯ ವೈದ್ಯರು ಮೊದಲು ಮಾಡಿದ್ದು ಒಂದೇ ಕೆಲಸ, ಸ್ಕ್ಯಾನಿಂಗ್‌ಗೆ ಬರೆದುಕೊಟ್ಟರು. ಹೊಟ್ಟೆಯ ಅಲ್ಟ್ರಾಸೌಂಡ್‌ಗೆ ಹೋದವರಿಗೆ ಗೊತ್ತಿರುತ್ತದೆ, ನೀರು ಕುಡಿದು ಕಾಯಿರಿ ಎನ್ನುತ್ತಾರೆ. ಒಮ್ಮೆ ನೋಡಿದ ಮೇಲೆ ಮೂತ್ರ ಮಾಡಿ ಬನ್ನಿ ಎಂದು ಕಳುಹಿಸಿ ಮತ್ತೆ ನೋಡುತ್ತಾರೆ. ಒಳಗೆ ಎಷ್ಟು ಉಳಿದಿದೆ ಎಂಬ ಲೆಕ್ಕ ಆಗ ಸಿಗುತ್ತದೆ. ಸಾಮಾನ್ಯವಾಗಿ 50 ಮಿಲಿಗಿಂತ ಕಡಿಮೆ ಇರಬೇಕು, 200 ದಾಟಿದರೆ ಖಾಲಿಯಾಗುತ್ತಿಲ್ಲ ಎಂದರ್ಥ. ನಾನಿಗೆ 260 ಉಳಿದಿತ್ತು. ಸೂಜಿ ಇಲ್ಲ, ನೋವಿಲ್ಲ, ಹತ್ತು ನಿಮಿಷದ ಕೆಲಸ. ಅದಿಲ್ಲದೆ ಎಂಟು ತಿಂಗಳು ಕಳೆದುಹೋಗಿತ್ತು.

ಇದರ ಜೊತೆ ಮೂತ್ರ ಪರೀಕ್ಷೆ, ಸೋಂಕಿದ್ದರೆ ಕಲ್ಚರ್, ರಕ್ತದಲ್ಲಿ ಕ್ರಿಯಾಟಿನಿನ್, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಮಾಡಿಸಿದರು. ಎಲ್ಲ ತಪ್ಪನ್ನೂ ಸಕ್ಕರೆಯ ತಲೆಗೆ ಕಟ್ಟುವಂತಿಲ್ಲ ಎಂದೂ ವೈದ್ಯರು ಹೇಳಿದರು. ಅಜ್ಜಂದಿರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡರೂ ಇದೇ ಲಕ್ಷಣಗಳಿರುತ್ತವೆ. ಅಜ್ಜಿಯರಲ್ಲಿ ಹೆರಿಗೆಗಳಿಂದ ಕೆಳಹೊಟ್ಟೆಯ ತಳದ ಸ್ನಾಯು ಸಡಿಲವಾಗಿ ಕೆಮ್ಮಿದರೆ, ಸೀನಿದರೆ, ನಕ್ಕರೆ ಹನಿಯುತ್ತದೆ. ನಾನಿ ಆರು ಹೆತ್ತವರು, ಅವರಿಗೆ ಎರಡೂ ಇದೆ. ಮಾತ್ರೆಗಳ ಪಾಲೂ ಇರುತ್ತದೆ. ಬಿಪಿಗೆ ಕೊಡುವ ನೀರು ಇಳಿಸುವ ಮಾತ್ರೆ ಮೂತ್ರ ಹೆಚ್ಚಿಸುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಶುಗರ್ ಮಾತ್ರೆಗಳು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ. ಒಳ್ಳೆಯ ಮಾತ್ರೆಗಳು, ಹೃದಯಕ್ಕೂ ಕಿಡ್ನಿಗೂ ಉಪಕಾರಿ, ಆದರೆ ಮೂತ್ರ ಹೆಚ್ಚುತ್ತದೆ, ಆ ಜಾಗದಲ್ಲಿ ಫಂಗಸ್ ತುರಿಕೆಯೂ ಬರಬಹುದು. ಇವನ್ನು ನಾವೇ ನಿಲ್ಲಿಸಬಾರದು. ಮಾತ್ರೆ ಡಬ್ಬವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡುವುದು ಒಳ್ಳೆಯದು.

ಇನ್ನು ನೀರಿನ ವಿಷಯ. ಸೋರುತ್ತದೆ ಎಂದು ನೀರು ಬಿಡುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ. ನಾನಿ ಬೆಳಿಗ್ಗೆಯಿಂದ ಮಗ್ರಿಬ್‌ವರೆಗೆ ಎರಡು ಲೋಟ ನೀರಿನಲ್ಲಿ ಕಳೆಯುತ್ತಿದ್ದರು, ಆದರೆ ಚಹಾ ಆರು ಸಲ! ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಚೀಲವನ್ನು ಕೆರಳಿಸುತ್ತದೆ, ಮಲ ಗಟ್ಟಿಯಾಗಿ ಪಕ್ಕದ ಚೀಲವನ್ನು ಒತ್ತುತ್ತದೆ. ಚಹಾದ ಕೆಫೀನ್ ಬೇರೆ ಅವಸರ ಹೆಚ್ಚಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸೋಂಕು. ಒಳಗೆ ನಿಂತ ಮೂತ್ರ, ಅದರಲ್ಲಿ ಸಕ್ಕರೆ, ಬ್ಯಾಕ್ಟೀರಿಯಾಗೆ ಇನ್ನೇನು ಬೇಕು? ನರ ಮಂದವಾದವರಿಗೆ ಉರಿಯೂ ಗೊತ್ತಾಗದೆ ಇರಬಹುದು. ಸುಮ್ಮನೆ ಶುಗರ್ ಏರುತ್ತದೆ, ಸುಸ್ತಾಗುತ್ತದೆ, ವಯಸ್ಸಾದವರು ಗಲಿಬಿಲಿಯಾಗಿ ಮಾತಾಡುತ್ತಾರೆ. ಚಳಿ ಜ್ವರ, ಬೆನ್ನಿನ ಪಕ್ಕದ ನೋವು ಬಂದರೆ ಸೋಂಕು ಕಿಡ್ನಿಗೆ ಏರಿರಬಹುದು. ಮೂತ್ರ ಪೂರ್ತಿ ಕಟ್ಟಿಕೊಂಡು ಕೆಳಹೊಟ್ಟೆ ಉಬ್ಬಿದರೂ ಅಷ್ಟೇ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಈಗ ನಾನಿ ಹಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ಒಂದೂವರೆ ಲೀಟರಿನಷ್ಟು ಕುಡಿಯುತ್ತಾರೆ, ಮಲಗುವ ಎರಡು ಗಂಟೆ ಮೊದಲು ನಿಲ್ಲಿಸುತ್ತಾರೆ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ನೀರಿನ ಲೆಕ್ಕ ಬೇರೆ, ಅದನ್ನು ವೈದ್ಯರೇ ಹೇಳಬೇಕು. ಚಹಾ ಮೂರಕ್ಕೆ ಇಳಿದಿದೆ. ಆ ಮೂರನ್ನು ಕಡಿಮೆ ಮಾಡಿಸಲು ನನ್ನಿಂದ ಆಗಿಲ್ಲ.

ಚಿಕಿತ್ಸೆಯ ದೊಡ್ಡ ಪಾಲು ಗಡಿಯಾರದ್ದು. ಚೀಲ ಸೂಚನೆ ಕೊಡುವುದಿಲ್ಲವಾದ್ದರಿಂದ ಸೂಚನೆಗೆ ಕಾಯದೆ ಮೂರು ಗಂಟೆಗೊಮ್ಮೆ ಹೋಗಬೇಕು. ನಾನಿ ಇದನ್ನು ಕೇಳಿದ ಕೂಡಲೇ 'ಅಝಾನ್ ಇದೆಯಲ್ಲ' ಎಂದರು. ಒಳ್ಳೆಯ ಉಪಾಯವೇ, ಆದರೆ ಕೂತು ಲೆಕ್ಕ ಹಾಕಿದಾಗ ಸಾಲಲಿಲ್ಲ. ಝುಹರ್‌ನಿಂದ ಇಶಾವರೆಗೆ ಸರಿಹೋಗುತ್ತದೆ. ಫಜ್ರ್‌ನಿಂದ ಝುಹರ್‌ಗೆ ಮಾತ್ರ ಏಳು ಗಂಟೆಗಳ ಅಂತರ, ಇಶಾದಿಂದ ಫಜ್ರ್‌ಗೆ ಇನ್ನೂ ಹೆಚ್ಚು. ಹಾಗಾಗಿ ಬೆಳಿಗ್ಗೆ ಎಂಟಕ್ಕೆ, ಹತ್ತೂವರೆಗೆ, ಮಲಗುವ ಮುನ್ನ ಮತ್ತು ರಾತ್ರಿ ಎರಡಕ್ಕೆ ನನ್ನ ಹಳೆಯ ಮೊಬೈಲ್‌ನಲ್ಲಿ ಅಲಾರಂ ಇಟ್ಟಿದ್ದೇವೆ.

ಹೋದಾಗಲೂ ಒಂದು ಕ್ರಮ ಇದೆ. ಒಮ್ಮೆ ಮಾಡಿ, ಎದ್ದು ಬರದೆ, ಎರಡು ನಿಮಿಷ ಬಿಟ್ಟು ಸ್ವಲ್ಪ ಮುಂದಕ್ಕೆ ಬಾಗಿ ಮತ್ತೊಮ್ಮೆ ಪ್ರಯತ್ನಿಸುವುದು. ಮೊದಲ ವಾರ ಈ ಎರಡನೆಯ ಸಲಕ್ಕೇ ಎಷ್ಟು ಬರುತ್ತದೆ ಎಂದು ಅಳೆದು ನಾವಿಬ್ಬರೂ ಬೆರಗಾದೆವು. ಹೌದು, ಅಳೆಯಬೇಕು. ಒಂದು ಹಳೆಯ ಪ್ಲಾಸ್ಟಿಕ್ ಜಗ್ಗಿಗೆ ಗುರುತು ಹಾಕಿ, ಮೂರು ದಿನ ಕುಡಿದದ್ದು, ಹೋದದ್ದು, ಸೋರಿದ ಹೊತ್ತು ಎಲ್ಲವನ್ನೂ ನನ್ನ ರಫ್ ನೋಟ್‌ಬುಕ್ಕಿನಲ್ಲಿ ಬರೆದೆವು. ವೈದ್ಯರು ರಿಪೋರ್ಟಿಗಿಂತ ಹೆಚ್ಚು ಹೊತ್ತು ಅದನ್ನೇ ನೋಡಿದರು.

ಕೆಗೆಲ್ ವ್ಯಾಯಾಮದ ಬಗ್ಗೆ ಮೊಬೈಲಿನಲ್ಲಿ ಎಲ್ಲರೂ ನೋಡಿರುತ್ತೀರಿ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ಬಗ್ಗೆ ಬರೆದರು. ಮೂತ್ರ ತಡೆಯುವ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿದು ಬಿಡುವುದು, ದಿನಕ್ಕೆ ಮೂರು ಸಲ, ಸಲಕ್ಕೆ ಹತ್ತರಂತೆ, ತಿಂಗಳುಗಟ್ಟಲೆ. ಕೆಮ್ಮಿದಾಗ ಸೋರುವುದಕ್ಕೆ, ಅವಸರಕ್ಕೆ ಇದು ಸಹಾಯ ಮಾಡುತ್ತದೆ. ತುಂಬಿ ತುಳುಕುವ ಚೀಲಕ್ಕೆ ಇದೊಂದೇ ಸಾಲದು. ಗಡಿಯಾರ, ಎರಡು ಸಲದ ಕ್ರಮ ಯಾವುದರಿಂದಲೂ ಖಾಲಿಯಾಗದವರಿಗೆ ತೆಳು ಕೊಳವೆಯನ್ನು ದಿನಕ್ಕೆ ಕೆಲವು ಸಲ ತಾವೇ ಹಾಕಿ ಮೂತ್ರ ತೆಗೆದು ಮತ್ತೆ ಹೊರತೆಗೆಯುವ ವಿಧಾನವಿದೆ. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ಎಂಬ ವೈದ್ಯರು, ಕೈ ಚೆನ್ನಾಗಿ ತೊಳೆದರೆ ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ತೋರಿಸಿಕೊಟ್ಟರು. ಕೇಳಲು ಭಯ ಅನಿಸುತ್ತದೆ, ಆದರೆ ಎಷ್ಟೋ ಜನರ ಕಿಡ್ನಿ ಉಳಿದದ್ದು ಇದರಿಂದ. ನಾನಿಗೆ ಸದ್ಯಕ್ಕೆ ಅದರ ಅಗತ್ಯ ಬಿದ್ದಿಲ್ಲ.

ನಾನಿಗೆ ಕಾಯಿಲೆಗಿಂತ ದೊಡ್ಡ ಚಿಂತೆ ನಮಾಝಿನದಾಗಿತ್ತು. ಸಜ್ದಾಕ್ಕೆ ಬಾಗಿದಾಗಲೇ ಹನಿಯುತ್ತಿತ್ತು. ವುಝೂ ಮುರಿಯಿತು ಎಂದು ಎದ್ದು ಹೋಗುವುದು, ಮತ್ತೆ ವುಝೂ, ಮತ್ತೆ ಅದೇ. ಚಳಿಗಾಲದಲ್ಲಿ ಒಂದು ಇಶಾಗೆ ನಾಲ್ಕು ಸಲ ವುಝೂ ಮಾಡಿದ್ದನ್ನು ನಾನೇ ನೋಡಿದ್ದೇನೆ. ನಮ್ಮ ಕಾಲೇಜಿನ ಉಸ್ತಾದರನ್ನು ಕೇಳಿದೆ. ಹನಫಿ ಮದ್‌ಹಬ್‌ನಲ್ಲಿ ಇಂಥವರನ್ನು ಮಅಝೂರ್, ಅಂದರೆ ವಿನಾಯಿತಿ ಉಳ್ಳವರು ಎನ್ನುತ್ತಾರೆ. ಒಂದು ನಮಾಝಿನ ಪೂರ್ತಿ ಸಮಯದಲ್ಲಿ ವುಝೂ ಮಾಡಿ ಫರ್ಝ್ ಮುಗಿಸುವಷ್ಟು ಬಿಡುವೂ ಸಿಗದಂತೆ ಸೋರಿದರೆ ಈ ವಿನಾಯಿತಿ ಆರಂಭವಾಗುತ್ತದೆ. ಆಮೇಲೆ ಪ್ರತಿ ನಮಾಝಿನ ಸಮಯದಲ್ಲಿ ಒಮ್ಮೆಯಾದರೂ ಸೋರುತ್ತಿರುವವರೆಗೆ ಅದು ಮುಂದುವರಿಯುತ್ತದೆ. ಅಂಥವರು ಸಮಯಕ್ಕೊಮ್ಮೆ ವುಝೂ ಮಾಡಿದರೆ ಆ ಸಮಯ ಮುಗಿಯುವವರೆಗೆ ಸೋರಿಕೆಯಿಂದ ಅದು ಮುರಿಯುವುದಿಲ್ಲ. ಕರಾವಳಿಯ ಗೆಳತಿಯರ ಮನೆಗಳಲ್ಲಿ ಅನುಸರಿಸುವ ಶಾಫಿ ಮದ್‌ಹಬ್‌ನಲ್ಲಿ ಸಮಯ ಆರಂಭವಾದ ಮೇಲೆ ಶುಚಿಯಾಗಿ, ಪ್ಯಾಡ್ ಕಟ್ಟಿ, ಪ್ರತಿ ಫರ್ಝ್‌ಗೂ ಬೇರೆ ವುಝೂ ಮಾಡಿ ತಡಮಾಡದೆ ನಮಾಝ್ ಮಾಡಬೇಕು. ನಿಲ್ಲದ ರಕ್ತಸ್ರಾವವಿದ್ದ ಫಾತಿಮಾ ಬಿಂತ್ ಅಬೀ ಹುಬೈಶ್ ಎಂಬ ಮಹಿಳೆಗೆ ಪ್ರವಾದಿಯವರು (ಸ) ನಮಾಝ್ ಬಿಡದೆ ಪ್ರತಿ ನಮಾಝಿಗೆ ವುಝೂ ಮಾಡಲು ಹೇಳಿದ ಹದೀಸ್ ಇದಕ್ಕೆ ಆಧಾರ ಎಂದು ಉಸ್ತಾದ್ ವಿವರಿಸಿದರು. ಅಪರೂಪಕ್ಕೆ ಸೋರುವವರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ, ಆದ್ದರಿಂದ ನಿಮ್ಮ ಮನೆಯವರ ಸ್ಥಿತಿಯನ್ನು ಪೂರ್ತಿ ಹೇಳಿ ಆಲಿಮರಲ್ಲಿ ಕೇಳಿಕೊಳ್ಳಿ. ನಾಚಿಕೆ ಪಡುವ ಅಜ್ಜಿಯರ ಪರವಾಗಿ ಮೊಮ್ಮಕ್ಕಳು ಕೇಳಬಹುದು.

ಮನೆಯಲ್ಲಿ ಮಾಡಿಕೊಂಡ ಬದಲಾವಣೆಗಳು ಸಣ್ಣವು. ರಾತ್ರಿ ಬಾತ್‌ರೂಮಿಗೆ ಓಡುವಾಗ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ. ಹಾಗಾಗಿ ದಾರಿಯಲ್ಲಿ ಚಿಕ್ಕ ಬಲ್ಬು ಹಾಕಿ ಕಾಲೊರೆಸುವ ಬಟ್ಟೆ ತೆಗೆದೆವು. ಕೂತು ಏಳಲು ಆಗದ್ದರಿಂದ ಇಂಡಿಯನ್ ಟಾಯ್ಲೆಟ್ ಮೇಲೆ ಇಡುವ ಕುರ್ಚಿ ಬಂತು. ಕುಂದಣದ ಗುಂಡಿಯ ಸಲ್ವಾರ್‌ಗಳ ಬದಲು ಇಲಾಸ್ಟಿಕ್ ಹೊಲಿಸಿದೆವು. ಮೆಡಿಕಲ್‌ನಲ್ಲಿ ಸಿಗುವ ದೊಡ್ಡವರ ಡೈಪರ್ ದಿನವೂ ತರುವಷ್ಟು ಅಗ್ಗವಲ್ಲ. ಪ್ರಯಾಣಕ್ಕೆ, ಮದುವೆಗೆ ಮಾತ್ರ ಅದು. ಮನೆಯಲ್ಲಿ ಹತ್ತಿಬಟ್ಟೆಯ ಪ್ಯಾಡ್, ಒದ್ದೆಯಾದ ಕೂಡಲೇ ಬದಲಾವಣೆ, ತೊಳೆದು ಒರೆಸಿ ಒಣಗಿಸಿಕೊಳ್ಳುವುದು. ಚರ್ಮ ಒದ್ದೆಯಾಗೇ ಇದ್ದರೆ ಸಕ್ಕರೆಯವರಿಗೆ ಹುಣ್ಣಾಗುವುದು ಬೇಗ, ವಾಸಿಯಾಗುವುದು ನಿಧಾನ.

ಇಷ್ಟಾಗಿಯೂ ಸತ್ತ ನರ ಮತ್ತೆ ಚಿಗುರುವುದು ಕಷ್ಟ. ಉಳಿದದ್ದನ್ನು ಕಾಪಾಡುವುದು ಸಾಧ್ಯ. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಮಧುಮೇಹದ 1,441 ಜನರ ಮೇಲೆ ನಡೆದ ಅಧ್ಯಯನದಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಿಗೆ ನರಹಾನಿ ಸುಮಾರು ಶೇ. 60ರಷ್ಟು ಕಡಿಮೆಯಾಗಿತ್ತು. ನಾನಿಯಂಥ ಟೈಪ್ 2 ಇರುವವರಲ್ಲಿ ಲಾಭ ಅಷ್ಟು ದೊಡ್ಡದಲ್ಲ, ಆದರೂ ಬಿಡುವಂಥದ್ದಲ್ಲ. ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ. ಅಲ್ಲಿ ಹೋದಾಗ ಕೇಳಬೇಕಾದ ಪ್ರಶ್ನೆಯನ್ನು ನಾವೇ ಕೇಳಬೇಕು, ಏಕೆಂದರೆ ಸಾಲಿನಲ್ಲಿ ನಿಂತ ನೂರು ಜನರ ನಡುವೆ ವೈದ್ಯರು ತಾವಾಗಿ ಕೇಳುವುದು ಅಪರೂಪ. 'ಪೇಶಾಬ್ ತಡೆಯಲು ಆಗುತ್ತಿಲ್ಲ' ಎಂಬ ಒಂದು ವಾಕ್ಯ ಸಾಕು. ಎಷ್ಟು ಸಲ, ಯಾವಾಗ, ಹೋದ ಮೇಲೂ ಉಳಿದಂತೆ ಅನಿಸುತ್ತದೆಯೇ, ಧಾರೆ ಸಣ್ಣದಾಗಿದೆಯೇ, ಪಾದ ಜೋಮು ಹಿಡಿಯುತ್ತದೆಯೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ನಾನಿ ಹೆಂಗಸು ಡಾಕ್ಟರ್ ಬೇಕು ಎಂದಿದ್ದರು. ಸಿಗಲಿಲ್ಲ. ಚೀಟಿ ಕೊಟ್ಟು ನಾನೇ ಓದಿ ಹೇಳಿದೆ, ಅವರು ದುಪಟ್ಟಾ ಎಳೆದುಕೊಂಡು ಗೋಡೆ ನೋಡುತ್ತಾ ಕೂತಿದ್ದರು.

ಆರು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ 260 ಇದ್ದದ್ದು 110ಕ್ಕೆ ಇಳಿದಿದೆ. ಎಚ್‌ಬಿಎ1ಸಿ 9.4ರಿಂದ 7.8ಕ್ಕೆ ಬಂದಿದೆ. ಕೆಮ್ಮಿದರೆ ಈಗಲೂ ಹನಿಯುತ್ತದೆ. ಶಿವಮೊಗ್ಗಕ್ಕೆ ಒಮ್ಮೆ ಹೋಗಿ ಬಂದರು. ಹತ್ತುವ ಮೊದಲು ನಿಲ್ದಾಣದ ಟಾಯ್ಲೆಟ್, ಇಳಿದ ಕೂಡಲೇ ಖಾಲಾ ಮನೆಯ ಟಾಯ್ಲೆಟ್, ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಒಂದು ಪ್ಲಾಸ್ಟಿಕ್ ಕವರ್. ರಮಝಾನ್‌ನಲ್ಲಿ ಉಪವಾಸ ಹಿಡಿಯಬಹುದೇ, ಹಿಡಿದರೆ ಸಹರಿಗೂ ಇಫ್ತಾರಿಗೂ ನಡುವೆ ಮಾತ್ರೆ ಮತ್ತು ನೀರು ಹೇಗೆ ಎಂದು ನಾನಿ ಈಗಲೇ ಕೇಳಲು ಶುರುಮಾಡಿದ್ದಾರೆ. ವೈದ್ಯರು ಶಅಬಾನ್ ತಿಂಗಳಲ್ಲಿ ಇನ್ನೊಮ್ಮೆ ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ ಮಾಡಿಸಿ ಬರಲು ಹೇಳಿದ್ದಾರೆ, ಅದನ್ನು ನೋಡಿ ತೀರ್ಮಾನಿಸುತ್ತಾರಂತೆ.